ಅಮೀರ್ ಜಾನ್ ಹಾಡಿಸಿದ ಅಂಬಾಸಿಡರ್

ಅಮೀರ್ ಜಾನ್ ಕಾರಿನೊಳಗೆ ಕೂತು ನಾಲ್ಕೂ ಗಾಜು ಏರಿಸಿ ಕಣ್ಣು ಮುಚ್ಚಿದನೆಂದರೆ ಹೊರಗೆ ನಿಂತವರು ಬೀಡಿ ಹಚ್ಚುವಂತಿರಲಿಲ್ಲ. ಕಡ್ಡಿ ಗೀರುವ ಸದ್ದೂ ಅವನಿಗೆ ಅಡ್ಡಿಯಂತೆ. ಎಂಜಿನ್ ನಿಲ್ಲಿಸಿ ಒಂದು ಸಲ ಕೇಳುತ್ತಿದ್ದ, ಚಾಲೂ ಮಾಡಿ ಒಂದು ಸಲ, ಹೆಡ್‌ಲೈಟು ಹಾಕಿ ಇನ್ನೊಂದು ಸಲ. ಆಮೇಲೆ ಇಳಿದು ಬಂದು ಕಾರಿನವರನ್ನು ಕೇಳುತ್ತಿದ್ದ, "ನಿಮ್ಗೆ ಯಾವ್ ಪದ ಇಷ್ಟ, ಅದ್ನ ಏಳಿ ಮೊದ್ಲು." ಸ್ಕ್ರೂಡ್ರೈವರ್ ಕೈಗೆ ಬರುತ್ತಿದ್ದದ್ದು ಅದಾದ ಮೇಲೆ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಅವನ ತಗಡಿನ ಅಂಗಡಿಯ ಮುಂದೆ ಇದನ್ನು ಮೊದಲ ಸಲ ನೋಡಿದಾಗ, ಇವನದು ಬರೀ ನಾಟಕ ಅಂದುಕೊಂಡೆ.

ನಾನೂ ಅದೇ ಕಸುಬಿನವನು. ಚಾಮರಾಜನಗರದಲ್ಲಿ ಅಪ್ಪ ರೇಡಿಯೊ ರಿಪೇರಿಗೆಂದು ಇಟ್ಟಿದ್ದ ಅಂಗಡಿಯನ್ನು ನಾನು ಕಾರಿನ ಟೇಪು, ಸ್ಪೀಕರು, ಹಾರನ್ನು ಕೂರಿಸುವ ಅಂಗಡಿ ಮಾಡಿಕೊಂಡಿದ್ದೆ. ಬೋರ್ಡು ದೊಡ್ಡದು, ಗಾಜಿನ ಷೋಕೇಸು ದೊಡ್ಡದು. ಅವನ ಅಂಗಡಿಗೆ ಬೋರ್ಡೇ ಇರಲಿಲ್ಲ. ಆದರೂ ನಮ್ಮೂರಿನ ಕಾರುಗಳು ನನ್ನ ಅಂಗಡಿ ಮುಂದೆಯೇ ಹಾದು ಗುಂಡ್ಲುಪೇಟೆಗೆ ಹೋಗುತ್ತಿದ್ದವು. ಸುತ್ತಿ ಬಳಸಿ ಹೇಳುವುದೇಕೆ, ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನು ನನಗಿಂತ ಆರೇಳು ವರ್ಷಕ್ಕೆ ಚಿಕ್ಕವನು, ಎಲ್ಲಿ ಸಿಕ್ಕರೂ "ಅಣ್ಣ, ಟೀ ಕುಡಿಯನ ಬನ್ನಿ" ಎಂದು ಕೈ ಹಿಡಿದು ಎಳೆಯುತ್ತಿದ್ದ. ಅದಕ್ಕೂ ನನಗೆ ಮೈ ಉರಿಯುತ್ತಿತ್ತು.

ಉರಿ ನಿಜವಾಗಿ ಹತ್ತಿಕೊಂಡದ್ದು ಮಲ್ಲಪ್ಪನವರ ಅಂಬಾಸಿಡರ್‌ನಿಂದ. ಮಲ್ಲಪ್ಪನವರು ತೆರಕಣಾಂಬಿಯ ದೊಡ್ಡ ಜಮೀನುದಾರರು, ಅರಿಸಿನ ಬೆಳೆಯುವವರು. ಅವರ ಮನೆ ರೇಡಿಯೊ ರಿಪೇರಿಯಾಗುತ್ತಿದ್ದದ್ದು ಅಪ್ಪನ ಕೈಯಲ್ಲಿ. ಆ ಕಾರಿಗೆ ಕ್ಯಾಸೆಟ್ ಡೆಕ್ ಕೂರಿಸಿದ್ದೂ ಅಪ್ಪನೇ. ತೆರಕಣಾಂಬಿ ಎರಡು ಊರಿಗೂ ನಡುವೆ ಇದೆ. ಅಲ್ಲಿಂದ ಹೊರಟ ಕಾರು ಈ ಕಡೆಗೂ ಬರಬಹುದು, ಆ ಕಡೆಗೂ ಹೋಗಬಹುದು. ಅಪ್ಪ ಇರುವವರೆಗೆ ಅದು ಈ ಕಡೆಗೇ ಬಂತು, ಅಪ್ಪ ಹೋದ ಮೇಲೂ ಬರುತ್ತಿತ್ತು. ಆ ಒಂದು ಕಾರು ಬಂದು ನಿಂತರೆ ಸಾಕು, ಅಪ್ಪನ ಅಂಗಡಿ ಇನ್ನೂ ನಡೆಯುತ್ತಿದೆ ಎಂದು ನನಗೆ ಧೈರ್ಯವಾಗುತ್ತಿತ್ತು. ಬೇರೆ ಹತ್ತು ಕಾರು ಹೋದರೂ ಇದೊಂದು ನನ್ನ ಕೈ ಬಿಡಬಾರದು ಅಂದುಕೊಂಡಿದ್ದೆ.

ಬ್ಲೂಟೂತ್ ಇರುವ ಫೋನುಗಳು ನಮ್ಮ ಕಡೆ ಆಗಷ್ಟೇ ಕಾಣಿಸಿಕೊಂಡಿದ್ದವು. ಮಲ್ಲಪ್ಪನವರ ಮೊಮ್ಮಗಳು ಅವರ ಫೋನಿಗೆ ಕಂಸಾಳೆ ಪದಗಳನ್ನು ತುಂಬಿಕೊಟ್ಟಿದ್ದಳು. ಒಂದು ದಿನ ಅಂಗಡಿಗೆ ಬಂದು ಫೋನು ಮೇಜಿನ ಮೇಲಿಟ್ಟರು.

"ಏನ್ಲಾ ಸಿದ್ರಾಜು, ಇದ್ರಲ್ಲಿರೋ ಪದ ಕಾರಲ್ಲಿ ಬರ್ಬೇಕು. ವೈರು ಗೀರು ನೇತಾಡ್ಕೂಡ್ದು. ಡೆಕ್ಕು ಬದ್ಲಾಯಿಸ್ಕೂಡ್ದು."

"ಹಳೇ ಡೆಕ್ಕಲ್ಲಿ ಅದಾಗಲ್ಲ ಯಜಮಾನ್ರೆ. ಅದನ್ನ ಕಿತ್ತಾಕಿ ಹೊಸದು ಹಾಕನ," ಎಂದು ಷೋಕೇಸಿನ ಕಡೆ ಕೈ ತೋರಿಸಿದೆ.

"ನಿಮ್ಮಪ್ಪ ಕೂರ್ಸಿದ್ದು ಕಣ್ಲಾ ಅದು. ಕಿತ್ತಾಕು ಅಂತೀಯಲ್ಲ."

ಮುಂದಿನ ವಾರ ಕಾರು ಗುಂಡ್ಲುಪೇಟೆಗೆ ಹೋಯಿತು. ಅಮೀರ್ ಜಾನ್ ಡೆಕ್ಕನ್ನು ಕೀಳಲಿಲ್ಲ. ಗಡಿಯಾಚೆಯ ಬತ್ತೇರಿ ಕಡೆಯ ಟ್ಯಾಕ್ಸಿ ಡ್ರೈವರುಗಳು ಗಲ್ಫಿನಿಂದ ಬಂದವರ ಕೈಯಿಂದ ತರಿಸಿಕೊಡುತ್ತಿದ್ದ ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಲೂಟೂತ್ ಪೆಟ್ಟಿಗೆಯನ್ನು ಅದರೊಳಗೇ ಬಚ್ಚಿಟ್ಟು, ಅದರ ದನಿಯನ್ನು ಡೆಕ್ಕಿನ ಸರ್ಕ್ಯೂಟಿಗೆ ಬೆಸುಗೆ ಹಾಕಿದ. ಕ್ಯಾಸೆಟ್ ಒಳಗಿದ್ದರಷ್ಟೇ ಹಳೇ ಡೆಕ್ಕು ಬಾಯಿ ಬಿಡುತ್ತದೆಯಲ್ಲ, ಅದಕ್ಕೆಂದು ಒಂದು ಹಳೇ ಕ್ಯಾಸೆಟ್ಟಿನ ಟೇಪೆಲ್ಲ ತೆಗೆದು ಖಾಲಿ ಡಬ್ಬಿ ಮಾಡಿಕೊಟ್ಟ. ಮಲ್ಲಪ್ಪನವರು ಎಂದಿನಂತೆ ಕ್ಯಾಸೆಟ್ ತಳ್ಳಿದರೆ ಸರಿ, ಜೇಬಿನಲ್ಲಿದ್ದ ಫೋನಿನ ಪದ ಸ್ಪೀಕರಿನಲ್ಲಿ ಬರುತ್ತಿತ್ತು. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಇಷ್ಟು ಸುಲಭದ ಉಪಾಯ ನನ್ನ ತಲೆಗೇಕೆ ಹೊಳೆಯಲಿಲ್ಲ ಎಂದು ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಕಾರಲ್ಲಿ ಏನು ಕೂರಿಸಿದರೂ ಅವನು ಪರೀಕ್ಷೆ ಮಾಡುತ್ತಿದ್ದದ್ದು ಕಂಸಾಳೆಯ ಪದ ಹಾಕಿಯೇ. ಮನೆಯಲ್ಲಿ ಉರ್ದು ಮಾತಾಡುವ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಬಂತೋ. "ಡೋಲು ತಮಟೆ ಎಲ್ಲಾ ಸ್ಪೀಕ್ರಲ್ಲೂ ಬತ್ತವೆ ಅಣ್ಣ. ಕಂಚಿನ್ ತಾಳ ಒಡೀದಂಗೆ ಬತ್ತದಾ ನೋಡ್ಬೇಕು. ತಾಳ ಒಡದ್ರೆ ನಾನ್ ಮಾಡಿರಾದು ಸುಳ್ ಕೆಲ್ಸ," ಅನ್ನುತ್ತಿದ್ದ. ಒಂದು ಸಲ ಕುದೇರಿನವರೊಬ್ಬರ ವ್ಯಾನಿಗೆ ಎಲ್ಲ ಜೋಡಿಸಿ, ಅವರು ಚೆನ್ನಾಗಿದೆ ಎಂದು ಹೊರಟ ಮೇಲೆ, ಬೈಕಿನಲ್ಲಿ ಅವರ ಹಿಂದೆ ಹೋಗಿ ನಿಲ್ಲಿಸಿ ವಾಪಸ್ಸು ಕರೆತಂದನಂತೆ. ಪದದ ಕೊನೆಯಲ್ಲಿ ಅವನಿಗೆ ತಾಳ ಸ್ವಲ್ಪ ಹರಿದ ಹಾಗೆ ಕೇಳಿಸಿತ್ತಂತೆ. ಕೊಂಡವನಿಗೇ ಕೇಳಿಸದ ತಪ್ಪನ್ನು ಬೆನ್ನಟ್ಟಿ ಹೋಗುವವನ ಜೊತೆ ನಾನು ಹೇಗೆ ಪೈಪೋಟಿ ಮಾಡುವುದು, ನೀವೇ ಹೇಳಿ.

ಆದರೂ ಮಾಡಿದೆ. ಅದೇ ತರಹದ ಪೆಟ್ಟಿಗೆ ತರಿಸಿ, ಮೇಷ್ಟರೊಬ್ಬರ ಹಳೇ ಮಾರುತಿಗೆ ಕೂರಿಸಿದೆ. ಹಾಡು ಬಂತು. ಜೊತೆಗೆ ಕುಂಯ್ ಎಂಬ ಸದ್ದೂ ಬಂತು. ಆಕ್ಸಿಲರೇಟರ್ ತುಳಿದಷ್ಟೂ ಅದು ಮೇಲೇರುತ್ತಿತ್ತು. ಮೇಷ್ಟರು ಮೂರು ದಿನ ಕೇಳಿ, ನಾಲ್ಕನೆಯ ದಿನ ಬಿಚ್ಚಿಸಿಕೊಂಡು ಹೋದರು. ಅಮೀರ್‌ನನ್ನು ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅವನನ್ನು ಹೋಗಿ ಕೇಳುವುದಕ್ಕಿಂತ ಅಂಗಡಿ ಮುಚ್ಚುವುದೇ ವಾಸಿ ಎಂದು ನನ್ನ ಜಂಬ ಹೇಳಿತು. ಅದಕ್ಕೇ ನನ್ನ ಬಾಮೈದ ನಾಗೇಶನನ್ನು ಬಸ್ಸು ಹತ್ತಿಸಿ ಗುಂಡ್ಲುಪೇಟೆಗೆ ಕಳಿಸಿದೆ. ಅಮೀರ್ ಅಂಗಡಿಯಲ್ಲಿ ಬಲ್ಬು ಕೇಳುವ ನೆಪ ಮಾಡಿಕೊಂಡು, ಯಾವ ವೈರು ಎಲ್ಲಿಗೆ ಹೋಗುತ್ತದೆ ನೋಡಿಕೊಂಡು ಬಾ ಎಂದು.

ಅದೇ ದಿನ ಮಧ್ಯಾಹ್ನ ಮಲ್ಲಪ್ಪನವರ ಅಂಬಾಸಿಡರ್ ನನ್ನ ಅಂಗಡಿ ಮುಂದೆ ಬಂದು ನಿಲ್ಲಬೇಕೆ. ಪಕ್ಕದ ಸೀಟಿನಲ್ಲಿ ಅಮೀರ್ ಜಾನ್. ಸಾಮಾನು ತರಲು ನಮ್ಮೂರಿಗೆ ಬರುವವನಿದ್ದನಂತೆ, ಅವರು ಹತ್ತಿಸಿಕೊಂಡು ಬಂದಿದ್ದಾರೆ.

"ಬಾರ್ಲಾ, ಕೂತ್ಕ. ಆಗಲ್ಲ ಅಂದ್ಯಲ್ಲ, ಕೇಳು ಒಸಿ," ಅಂದರು ಮಲ್ಲಪ್ಪನವರು.

ಹಿಂದಿನ ಸೀಟಿನಲ್ಲಿ ಕೂತೆ. ಅವರ ಫೋನಿನಲ್ಲಿ ಚಾರ್ಜು ಮುಗಿದಿತ್ತು. ಅಮೀರ್ ಹಿಂದೆ ತಿರುಗಿ, "ನಿಮ್ ಫೋನ್ ಕೊಡಿ ಅಣ್ಣ," ಎಂದು ಈಸಿಕೊಂಡು, ನಾಲ್ಕು ಸೊನ್ನೆ ಒತ್ತಿ ಕಾರಿಗೆ ಜೋಡಿಸಿದ. ನನ್ನ ಫೋನಿನ ಹಾಡು ಅಪ್ಪ ಕೂರಿಸಿದ ಡೆಕ್ಕಿನಿಂದ ಬಂತು. ಎಂಜಿನ್ ಓಡುತ್ತಿದ್ದರೂ ಒಂದಿಷ್ಟೂ ಕುಂಯ್ ಅನ್ನಲಿಲ್ಲ. ನಾನು ಆಹಾ ಅನ್ನಬೇಕಿತ್ತು, ಬಾಯಿ ಬರಲಿಲ್ಲ.

ಅಷ್ಟರಲ್ಲಿ ಹಾಡು ನಿಂತು ಫೋನು ರಿಂಗಾಯಿತು. ಮಲ್ಲಪ್ಪನವರಿಗೆ ಗುಂಡಿ ಒತ್ತುವ ಕಷ್ಟ ಬೇಡವೆಂದು, ಕರೆ ಬಂದರೆ ಪೆಟ್ಟಿಗೆ ತಾನೇ ಎತ್ತಿಕೊಳ್ಳುವ ಹಾಗೆ ಅಮೀರ್ ಮಾಡಿಟ್ಟಿದ್ದ. ನಾನು ಕೈ ಚಾಚುವಷ್ಟರಲ್ಲಿ ನಾಲ್ಕೂ ಸ್ಪೀಕರಿನಲ್ಲಿ ನಾಗೇಶನ ದನಿ.

"ಬಾವ, ನೋಡ್ಕಬಂದೆ ಕಣ. ಅಮೀರ ಅಂಗ್ಡೀಲಿಲ್ಲ, ಒಳ್ಳೇದೇ ಆಯ್ತು. ಒಂದ್ ಡೆಕ್ಕು ಬಿಚ್ಚಿ ಮಡಗವ್ನೆ. ಕೆಂಪ್ ವೈರ್‌ಗೆ ಕಾಯ್ಲ್ ಸುತ್ತವ್ನೆ. ಕರೀ ವೈರು ಎಲ್ಲಿಗೋಯ್ತದೆ ಅಂತ ಗೊತ್ತಾಗ್ನಿಲ್ಲ. ಇನ್ನೊಂದ್ಕಿತ ಓಗ್ಬುಟ್ ಬರ್ಲಾ?"

ಮಲ್ಲಪ್ಪನವರು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಅಮೀರ್ ಡ್ಯಾಶ್‌ಬೋರ್ಡಿನಲ್ಲಿದ್ದ ಮೈಕಿನ ಕಡೆ ಬಗ್ಗಿ, ಗಿರಾಕಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದ. "ಕರೀ ವೈರು ಡೆಕ್ಕಿನ್ ಬಾಡಿಗೇ ಓಯ್ತದೆ ನಾಗೇಸ. ಪೆಟ್ಗೆ, ಡೆಕ್ಕು ಎಲ್ಡಕ್ಕೂ ಒಂದೇ ಕಡೆ ಅರ್ತ್ ಕೊಡ್ಬೇಕು. ಬ್ಯಾರೆ ಕಡೆ ಕೊಟ್ರೆ ಸೊಳ್ಳೆ ಕೂಗ್ದಂಗ್ ಕೂಗ್ತದೆ."

ಆ ಕಡೆಯಿಂದ ನಾಗೇಶ, "ಬಾವ, ನಿನ್ ಗಂಟ್ಲು ಯಾಕಿಂಗಾಯ್ತು?" ಅಂದ.

ಮಲ್ಲಪ್ಪನವರು ಕೆಮ್ಮು ಬರುವವರೆಗೆ ನಕ್ಕರು. ಅಮೀರ್ ನಗಲಿಲ್ಲ. ಇಳಿದು ಬಂದು ಹಿಂದಿನ ಬಾಗಿಲು ತೆಗೆದು, "ಒಂದ್ ಫೋನ್ ಮಾಡಿದ್ರೆ ಏಳ್ತಿರ್ನಿಲ್ವಾ ಅಣ್ಣ, ಪಾಪ, ಅವ್ನ್ನ ಯಾಕೆ ಬಿಸ್ಲಲ್ಲಿ ಕಳ್ಸುದ್ರಿ?" ಎಂದ. ನನ್ನ ಅಂಗಡಿಯಲ್ಲೇ ಕೂತು, ಒಂದು ಹಳೇ ಡೆಕ್ಕು ಬಿಚ್ಚಿ, ಕಾಯಿಲ್ ಎಷ್ಟು ಸುತ್ತಬೇಕು, ಬೆಸುಗೆ ಎಲ್ಲಿ ಕೊಡಬೇಕು ಎಲ್ಲ ತೋರಿಸಿದ. ಬೈದು ಹೋಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಆ ಒಳ್ಳೆಯತನವನ್ನು ಕಂಡು ನನ್ನ ಹೊಟ್ಟೆಕಿಚ್ಚು ಎರಡು ಪಟ್ಟಾಯಿತು. ಆಮೇಲೆ ನಾನು ಕೂರಿಸಿದ ಒಂದು ಕಾರಿನಲ್ಲೂ ಕುಂಯ್ ಅನ್ನಲಿಲ್ಲ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, ಅಪ್ಪನ ಕಾಲದಿಂದಲೂ ಇದೇ ಕಸುಬು ತಾನೇ ಅನ್ನುತ್ತಿದ್ದೆ. ಮಲ್ಲಪ್ಪನವರ ಕಾರು ಮಾತ್ರ ಗುಂಡ್ಲುಪೇಟೆಗೇ ಹೋಗುತ್ತಿತ್ತು.

ಮೂರು ವರ್ಷವಾಗಿರಬೇಕು. ಅಮೀರ್‌ಗೆ ಕಿಡ್ನಿ ತೊಂದರೆ, ವಾರಕ್ಕೆರಡು ಸಲ ಮೈಸೂರಿಗೆ ಹೋಗಿಬರುತ್ತಾನೆ ಎಂಬ ಸುದ್ದಿ ಬಂತು. ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮುಖ ಊದಿಕೊಂಡಿತ್ತು. ಅವನ ಹೆಂಡತಿ ನನಗೆ ಟೀ ತಂದುಕೊಟ್ಟರು. ಅವನಿಗೆ ನೀರನ್ನೂ ಅಳೆದು ಕೊಡುತ್ತಿದ್ದರು.

"ಮಲ್ಲಪ್ಪೋರ ಗಾಡಿ ಇನ್ಮೇಲೆ ನೀವ್ ನೋಡ್ಕಳಿ ಅಣ್ಣ," ಅಂದ. "ಅವ್ರಿಗೂ ಏಳಿವ್ನಿ. ಸಿದ್ರಾಜಣ್ಣನ್ನ ಬುಟ್ರೆ ಇನ್ಯಾರ್ ಕೈಲೂ ಆಗಲ್ಲ ಅಂತ."

ಹೇಳಲು ನಾಚಿಕೆಯಾಗುತ್ತದೆ, ಆ ಮನುಷ್ಯನ ಮಂಚದ ಪಕ್ಕ ಕೂತು ನನಗೆ ಮೊದಲು ಬಂದದ್ದು ಕೋಪ. ಅಷ್ಟು ವರ್ಷ ನಾನು ಕಿತ್ತುಕೊಳ್ಳಬೇಕೆಂದು ಒದ್ದಾಡಿದ್ದನ್ನು ಅವನು ಸುಮ್ಮನೆ ಎತ್ತಿ ಕೊಟ್ಟುಬಿಟ್ಟಿದ್ದ. ನೀನೇ ಎದ್ದು ಬಂದು ಮಾಡು, ನನಗೆ ಪುರುಸೊತ್ತಿಲ್ಲ ಅಂದೆ. ಅವನು ನಕ್ಕ. ನಾನು ಆ ಟೀಯನ್ನು ಪೂರ್ತಿ ಕುಡಿಯದೆ ಎದ್ದು ಬಂದೆ. ಮತ್ತೆ ಹೋದದ್ದು ಅವನ ಮಣ್ಣಿಗೆ.

ಅದಾಗಿ ಕೆಲವು ತಿಂಗಳಿಗೆ ಆ ಪುಟ್ಟ ಪೆಟ್ಟಿಗೆ ಕೆಟ್ಟು, ಅಂಬಾಸಿಡರ್ ನನ್ನ ಅಂಗಡಿಗೆ ಬಂತು. ಡೆಕ್ಕು ಬಿಚ್ಚುವಾಗ, ಅವನು ಮಾಡಿದ್ದನ್ನೆಲ್ಲ ಕಿತ್ತು ನನ್ನ ರೀತಿಯಲ್ಲೇ ಮಾಡಬೇಕು ಎಂದು ಮನಸ್ಸಿನಲ್ಲಿತ್ತು. ಬಿಚ್ಚಿ ನೋಡಿದೆ. ಒಂದೊಂದು ಬೆಸುಗೆಯೂ ನುಣುಪಾಗಿ, ವೈರುಗಳು ದಾರದಲ್ಲಿ ಅಚ್ಚುಕಟ್ಟಾಗಿ ಕಟ್ಟಿಕೊಂಡು ಕೂತಿದ್ದವು. ಎಷ್ಟು ಹೊತ್ತು ಹುಡುಕಿದರೂ ಬದಲಾಯಿಸುವಂಥದ್ದು ಏನೂ ಸಿಗಲಿಲ್ಲ. ಕೆಟ್ಟ ಪೆಟ್ಟಿಗೆಯನ್ನಷ್ಟೇ ತೆಗೆದು, ಅದೇ ಜಾಗಕ್ಕೆ ಹೊಸದನ್ನು ಕೂರಿಸಿ ಮುಚ್ಚಿದೆ.

ಮಲ್ಲಪ್ಪನವರು ಒಳಗೆ ಕೂತು ಒಂದು ಪದ ಪೂರ್ತಿ ಕೇಳಿದರು. ನಾನು ಬಾಗಿಲು ಹಿಡಿದು ನಿಂತಿದ್ದೆ.

"ಚೆನ್ನಾಗದೆ ಕಣ್ಲಾ," ಅಂದರು. "ಅಮೀರ ಮಾಡ್ದಂಗೇ ಅದೆ."

ಅವರ ಬಾಯಲ್ಲಿ ನನ್ನ ಕೆಲಸಕ್ಕೆ ಬಂದ ಮೊದಲ ಒಳ್ಳೆಯ ಮಾತು ಅದು. "ಅವನೇ ಹೇಳಿಕೊಟ್ಟಿದ್ದು ಯಜಮಾನ್ರೆ," ಅಂದೆ. ಅವರಿಗೆ ಗೊತ್ತಿದ್ದದ್ದೇ, ಆದರೆ ನಾನು ಬಾಯಿಬಿಟ್ಟು ಹೇಳಿದ್ದು ಆವತ್ತೇ ಮೊದಲು. ಕಾರು ತಿರುಗಿಸಿಕೊಂಡು ತೆರಕಣಾಂಬಿ ಕಡೆ ಹೊರಟರು. ಅವನು ಬದುಕಿದ್ದಿದ್ದರೆ ಆ ಕಾರು ಗುಂಡ್ಲುಪೇಟೆಗೇ ಹೋಗಿರುತ್ತಿತ್ತು, ನಾನು ಅಂಗಡಿಯಲ್ಲಿ ಕೂತು ಅವನನ್ನು ಬೈದುಕೊಳ್ಳುತ್ತಿದ್ದೆ. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು.