ಆವಿ ಅವಳ ಕಡೆಗೇ ಹೋಯಿತು

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಾರ್ಖಾನೆಗಳ ಗಾಳಿಯಲ್ಲಿ ಬೆರೆತ ವಿಷದ ಆವಿಯನ್ನು ಅಳೆಯುವುದು ನನ್ನ ಕೆಲಸ. ಅಳತೆಗೆ ಸಿಗದ ಯಾವುದನ್ನೂ ನಾನು ಲೆಕ್ಕಕ್ಕೆ ಇಟ್ಟವಳಲ್ಲ.

ಕೆಲವು ವರ್ಷಗಳ ಹಿಂದೆ ಸೇಲಂನ ನಮ್ಮ ಲ್ಯಾಬಿಗೆ ಪೆನ್ನಾಗರಂ ಕಡೆಯ ಮಹಾದೇವಿ ಸೇರಿದಳು. ನನಗಿಂತ ಚಿಕ್ಕವಳು, ನನ್ನಂತೆಯೇ ಕನ್ನಡ ಮನೆಮಾತಿನವಳು. ಬಂದ ಹೊಸದರಲ್ಲೇ ಮ್ಯಾನೇಜರು ಎಲ್ಲಕ್ಕೂ ಅವಳನ್ನೇ ಕೇಳತೊಡಗಿದರು. ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ನೆಚ್ಚಿದ್ದು ಪಂಪನ್ನು. ಸೊಂಟಕ್ಕೆ ಕಟ್ಟಿದ ಪಂಪು ಗಾಳಿಯನ್ನೆಳೆದು ಇದ್ದಿಲು ತುಂಬಿದ ಸಣ್ಣ ಕೊಳವೆಯಲ್ಲಿ ಹಾಯಿಸುತ್ತದೆ, ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಅಂಗಿಗೆ ಸಿಕ್ಕಿಸುವ ಬ್ಯಾಡ್ಜೇ ಸಾಕು, ಆವಿಯನ್ನು ಅದು ತಾನಾಗಿ ಹೀರಿಕೊಳ್ಳುತ್ತದೆ ಎನ್ನುವುದು ಅವಳ ವಾದ. ಎರಡನ್ನೂ ಹೋಲಿಸಿ ನೋಡಿ ಎಂದರು ಮ್ಯಾನೇಜರು.

ಓಮಲೂರಿನ ಬಳಿಯ ಬಣ್ಣದ ಕಾರ್ಖಾನೆಯಲ್ಲಿ, ಬಣ್ಣ ತೆಳುವಾಗಿಸುವ ತಿನ್ನರ್ ಬೆರೆಸುವ ಶೆಡ್ಡಿನೊಳಗೆ, ನಾನು ಪಂಪು ಕಟ್ಟಿಕೊಂಡು, ಅವಳು ಬ್ಯಾಡ್ಜು ಸಿಕ್ಕಿಸಿಕೊಂಡು, ಇಬ್ಬರೂ ಹೆಗಲಿಗೆ ಹೆಗಲು ತಾಗುವಂತೆ ಓಡಾಡಿದೆವು. ಮಧ್ಯಾಹ್ನ ಅವಳು ಕಂಬ ಹಿಡಿದು ನಿಂತಳು.

“ತಲೆ ಸುತ್ತುತೈತೆ ಅಕ್ಕಾ. ನಿಂಗೇನೂ ಆಗ್ತಿಲ್ವಾ?”

ನನಗೆ ಏನೂ ಆಗಿರಲಿಲ್ಲ. ನಾಟಕವಾಡುತ್ತಿದ್ದಾಳೆ ಎಂದುಕೊಂಡೆ.

ಫಲಿತಾಂಶ ಬಂತು. ಅವಳ ಬ್ಯಾಡ್ಜಿನಲ್ಲಿ ಆವಿ ಮಿತಿ ಮೀರಿತ್ತು, ನನ್ನ ಕೊಳವೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪಂಪನ್ನು ಪರೀಕ್ಷಿಸಿದರೆ ಸರಿಯಾಗಿಯೇ ಇತ್ತು. ಮ್ಯಾನೇಜರು ಅವಳನ್ನು ಹೊಗಳಿದ್ದನ್ನು ಸಹಿಸಲಾರದೆ, ಅದಲುಬದಲು ಮಾಡಿ ನೋಡೋಣ ಎಂದೆ. ಈ ಸಲ ಪಂಪು ಅವಳ ಸೊಂಟಕ್ಕೆ, ಬ್ಯಾಡ್ಜು ನನ್ನ ಅಂಗಿಗೆ. ಅವಳ ಕೊಳವೆಯಲ್ಲಿ ಆವಿ ತುಂಬಿತ್ತು. ನನ್ನ ಬ್ಯಾಡ್ಜಿನಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಆವಿಯೂ ಅವಳನ್ನೇ ಆರಿಸಿಕೊಂಡಿತಲ್ಲ ಅನ್ನಿಸಿತು. ನಗಬೇಡಿ, ನನಗೆ ಆದದ್ದು ಮತ್ಸರವೇ.

ಆಮೇಲೆ ಅವಳು ಜ್ವರವೆಂದು ಊರಿಗೆ ಹೋದಳು. ಯಾರಿಗೂ ಹೇಳದೆ, ಪಂಪು ಬ್ಯಾಡ್ಜು ಎರಡನ್ನೂ ನಾನೇ ಹಾಕಿಕೊಂಡು ಅದೇ ಶೆಡ್ಡಿಗೆ ಹೋದೆ. ಕಣ್ಣು ಉರಿಯತೊಡಗಿತು. ಕಾಲು ತಡವರಿಸುತ್ತಿರುವಾಗ ಫೋನು ಬಂತು. ಮಹಾದೇವಿ.

“ಅಕ್ಕಾ, ಶೆಡ್ಡಿಂದ ಈಚೆ ಬಾ. ಇವತ್ತು ನಾನು ನಿನ್ ಪಕ್ಕದಾಗಿಲ್ಲ.”

ಹೇಗೋ ಹೊರಗೆ ಬಂದು ಬೇವಿನ ಮರದಡಿ ಕುಸಿದು ಕುಳಿತೆ. ಕೆಲಸದವರು ನೀರು ತಂದುಕೊಟ್ಟರು. ಆ ದಿನದ ಕೊಳವೆ, ಬ್ಯಾಡ್ಜು ಎರಡೂ ಒಂದೇ ಅಳತೆ ತೋರಿಸಿದವು, ಮಿತಿಗಿಂತ ಬಹಳ ಹೆಚ್ಚು. ಅಳತೆಗಳು ತಾಳೆಯಾದ್ದರಿಂದ ಈಗ ಕಾರ್ಖಾನೆಯವರು ಶೆಡ್ಡನ್ನು ಮುಚ್ಚಿಸಿ, ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನುಗಳನ್ನು ಹಾಕಿಸಿದ ಮೇಲೆಯೇ ತೆರೆದರು.

ನಾನು ಅಲ್ಲಿರುವುದು ಹೇಗೆ ಗೊತ್ತಾಯಿತು ಎಂದು ಅವಳನ್ನು ಕೇಳಿದೆ. ಸುಮ್ಮನೆ ಅನ್ನಿಸಿತು ಎಂದಳು. ಪಕ್ಕದಲ್ಲಿದ್ದಾಗ ನನ್ನ ಪಾಲಿನದ್ದನ್ನೂ ಅವಳೇ ಉಸಿರಾಡಿದ್ದಳೇ? ಹಾಗಾಗಲು ಸಾಧ್ಯವಿಲ್ಲ ಎಂದು ನಾನು ಕಲಿತ ವಿದ್ಯೆ ಹೇಳುತ್ತದೆ. ಆದರೆ, ಹಾಗೆ ಸುಮ್ಮನೆ ಅನ್ನಿಸುವುದು ಅವಳಿಗೆ ಮಾತ್ರ ಏಕೆ ಎಂಬ ಹೊಟ್ಟೆಯುರಿ ಇಂದಿಗೂ ಆರಿಲ್ಲ.