ಒನಕೆಯ ಸದ್ದಿಗೆ ತಿರುಗುತ್ತಿದ್ದ ತಂಗಿ

ಮಾತಾಡುವವರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಳ್ಳುವುದು ನನ್ನ ತಂಗಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಪುಟ್ಟ ಬೆರಳುಗಳು ನನ್ನ ಗದ್ದಕ್ಕೆ ಬಂದಾಗಲೆಲ್ಲ ತಳ್ಳಿದ್ದೇನೆ. ಅವಳಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ನಾನು ನಂಬಲಿಲ್ಲ.

ಅವ್ವ ತೀರಿಕೊಂಡ ಮೇಲೆ ನಾನು ಶಾಲೆ ಬಿಟ್ಟು ಸಿರುಗುಪ್ಪದ ಮನೆ ನೋಡಿಕೊಳ್ಳುತ್ತಿದ್ದೆ. ಮನೆಯ ವಿಷಯದಲ್ಲಿ ಅಪ್ಪನಿಗೆ ನನ್ನ ಮಾತೇ ಕೊನೆ. ತಂಗಿಗೆ ಮೂರು ತುಂಬಿದರೂ ಮಾತು ಬರಲಿಲ್ಲ, ಕೂಗಿದರೆ ನೋಡುತ್ತಿರಲಿಲ್ಲ. ಆದರೆ ಹಿಂದಿನಿಂದ ಬಂಡೆಯ ನೆಲಕ್ಕೆ ಒನಕೆ ಕುಟ್ಟಿದರೆ ಸರಕ್ಕನೆ ತಿರುಗುತ್ತಿದ್ದಳು.

"ನೋಡಪ್ಪ, ಕಳ್ಳಿ. ತನಗ ಬೇಕಾದ್ದಷ್ಟ ಕೇಳ್ತಾಳ," ಎನ್ನುತ್ತಿದ್ದೆ.

ಅದು ಎಂಬತ್ತರ ದಶಕ. ಬಳ್ಳಾರಿಯ ಒಂದು ದವಾಖಾನೆಯಲ್ಲಿ ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಟ್ಟು ಪರೀಕ್ಷಿಸುತ್ತಿದ್ದರು. ಮೊದಲ ಸಲ ಮುಗಿಯುವ ಮುಂಚೆಯೇ ತಂಗಿ ಎದ್ದು ತಂತಿ ಕಿತ್ತಳು. ಎರಡನೇ ಸಲ ನಾನು ವರಾಂಡದಲ್ಲಿ ಬುತ್ತಿ ಉಂಡು ಕೈ ತೊಳೆಯುವಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು.

"ಎರಡೂ ಕಿವಿ ಮಂದ ಅದಾವವ್ವ. ಕಿವಿಗೆ ಯಂತ್ರ ಹಾಕಿ ಈಗಿಂದ ಮಾತು ಕಲಸ್ರಿ. ತಡ ಮಾಡಿದ್ರ ಮಾತು ಬರೋದು ಕಷ್ಟ."

ನನಗೆ ಗುಮಾನಿ. "ಅವತ್ತು ಅರ್ಧ ದಿನ ಆದ್ರೂ ಮುಗೀಲಿಲ್ಲ. ಇವತ್ತು ಇಷ್ಟ ಲಗೂನ ಹೆಂಗ ಮುಗೀತ್ರಿ?"

"ಅವತ್ತು ಜೋರು ಸದ್ದಿನಿಂದ ಒಂದೊಂದ ಮೆಟ್ಲು ಇಳದ್ವಿ. ಇವತ್ತು ನಡುವಿಂದ ಹಿಡದ್ವಿ. ಮೆದುಳು ಉತ್ತರ ಕೊಟ್ರ ಸದ್ದು ಇಳಸೋದು, ಕೊಡದಿದ್ರ ಏರಸೋದು. ಬ್ಯಾಡಾದ ಮೆಟ್ಲು ತುಳೀಲಿಲ್ಲ, ಅಷ್ಟ."

"ಮಲಗಿದಾಕಿ ಉತ್ತರ ಹೆಂಗ ಕೊಡ್ತಾಳ್ರಿ?"

"ಅಕಿ ಮಲಗಿದ್ರೂ ಮೆದುಳಿನ ಬುಡ ಎಚ್ಚರ ಇರತೈತಿ."

ಬಸ್ಸಿನಲ್ಲಿ ಅಪ್ಪನಿಗೆ ಹೇಳಿದೆ: "ಯಂತ್ರ ಮಾರೋರ ಕೂಡ ಶಾಮೀಲಾಗ್ಯಾರ. ನಮ್ಮ ಒನಕಿ ಸುಳ್ಳು ಹೇಳತೈತೇನು?" ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ವರ್ಷಗಳು ಕಳೆದವು. ಒಂದು ಸುಗ್ಗಿಯಲ್ಲಿ ಮನೆಯೊಳಗೆ ಹತ್ತಿಯ ರಾಶಿ ಬಿದ್ದಿತ್ತು. ತಂಗಿ ಅದರ ಮೇಲೆ ಕಾಲು ಮಡಚಿ ಕೂತು ಆಡುತ್ತಿದ್ದಳು. ಗೋಡೆಗೆ ಒರಗಿಸಿದ್ದ ಒನಕೆ ಅವಳ ಬೆನ್ನ ಹಿಂದೆ ದಡಾರನೆ ಬಿತ್ತು. ತಿರುಗಲಿಲ್ಲ. ಅವಳನ್ನು ಇಳಿಸಿ, ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಹಿಂದೆ ಹೋಗಿ ಕುಟ್ಟಿದೆ. ತಿರುಗಿದಳು. ಅಷ್ಟು ವರ್ಷ ಒನಕೆ ಬಿದ್ದದ್ದು ಅವಳಿಗೆ ತಿಳಿಯುತ್ತಿದ್ದುದು ಅಂಗಾಲಿನಿಂದ.

ಆಮೇಲೆ ಯಂತ್ರ ಬಂತು. ಮಾತು ಪೂರ್ತಿ ಬರಲಿಲ್ಲ. ಬಂದಷ್ಟರಲ್ಲೇ ಎಲ್ಲರನ್ನೂ ಆಳಿದಳು. ಕುರುಗೋಡಿಗೆ ಮದುವೆಯಾಗಿ ಹೋದ ವಾರದಲ್ಲೇ ಗಂಡನಿಗೆ, "ಮೀಸಿ ತಗಿ. ಮಾತು ಕಾಣವಲ್ದು," ಎಂದಳಂತೆ. ಅವನು ಇವತ್ತಿಗೂ ಮತ್ತೆ ಮೀಸೆ ಬೆಳೆಸಿಲ್ಲ. ಆದರೆ ನಾಲ್ಕು ಮಂದಿ ನಕ್ಕರೆ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡುತ್ತಾಳೆ. ಅದನ್ನು ಕಲಿಸಿದವಳು ನಾನು.

ಅವಳು ಅತ್ತ ತಿರುಗಿ ರೊಟ್ಟಿ ಬಡಿಯುವಾಗ ಎಷ್ಟೋ ಸಲ ತಪ್ಪೊಪ್ಪಿಕೊಂಡಿದ್ದೇನೆ, ಕೇಳಿಸದೆಂಬ ಧೈರ್ಯದಿಂದ. ಹೋದ ತಿಂಗಳು ಎದುರಿಗೇ ಹೋಗಿ ಕೂತೆ.

"ಏನು?" ಎಂದಳು, ನನ್ನ ತುಟಿಯನ್ನೇ ನೋಡುತ್ತ.

"ನೀ ನಾಟಕ ಮಾಡ್ತಿ ಅಂತ ಅಪ್ಪಗ ಹೇಳಿದಾಕಿ ನಾನ. ಯಂತ್ರ ಬ್ಯಾಡ ಅಂದಾಕಿನೂ ನಾನ. ತಪ್ಪಾತವ್ವ ತಂಗಿ."