ಹನ್ನೊಂದು ಎಣಿಕೆಯ ಗುಂಡಿ

ತೂಕದ ಯಂತ್ರಗಳು ಸುಳ್ಳು ಹೇಳುತ್ತವೆಯೇ ಎಂದು ಪರೀಕ್ಷಿಸುವುದು ತಿರುಮಲೇಶನ ವೃತ್ತಿ. ಆಭರಣದಂಗಡಿಗಳ, ಆಸ್ಪತ್ರೆಗಳ, ಔಷಧ ಕಾರ್ಖಾನೆಗಳ ತಕ್ಕಡಿಗಳು ಬನಶಂಕರಿಯ ಅವನ ಪ್ರಯೋಗಾಲಯಕ್ಕೆ ಬಂದು, ತಮ್ಮ ದೋಷವನ್ನು ಒಪ್ಪಿಕೊಂಡು ಹಿಂದಿರುಗುತ್ತಿದ್ದವು. ಸೂಕ್ಷ್ಮ ತಕ್ಕಡಿಯ ಮುಂದೆ ಅವನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ; ನೋಡುವವನ ಉಸಿರು ತಾಗಿದರೂ ಅದರ ಅಂಕಿ ಅಲುಗುತ್ತದೆ. "ಎಷ್ಟೋ ಸಲ ಅಳತೆ ಕೆಡಿಸೋನು ಅಳೆಯೋನೇ ಕಣ್ರಪ್ಪ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಉಪದೇಶಿಸುತ್ತಿದ್ದ. ಆ ಮಾತು ಪ್ರಯೋಗಾಲಯದ ಹೊಸ್ತಿಲು ದಾಟಿ ತನ್ನ ಬೆನ್ನು ಹತ್ತೀತೆಂದು ನಲವತ್ತಾರನೆಯ ವಯಸ್ಸಿನವರೆಗೂ ಅವನಿಗೆ ಹೊಳೆದಿರಲಿಲ್ಲ.

ಜಾತಕ, ಹಸ್ತರೇಖೆ, ವಾಟ್ಸಾಪಿನಲ್ಲಿ ಬರುವ ಕಷಾಯ, ಚುನಾವಣೆಯ ಸಮೀಕ್ಷೆ, ಇವೆಲ್ಲವನ್ನೂ ಸಂಶಯದಿಂದ ನೋಡುವ ಈ ಮನುಷ್ಯ ಒಂದೇ ಒಂದು ವಿಷಯದಲ್ಲಿ ಭಕ್ತನಾಗಿದ್ದ. 'ಪರಿಭ್ರಮಣ' ಎಂಬುದು ದಕ್ಷಿಣ ಬೆಂಗಳೂರಿನ ನಾಲ್ವರು ಹುಡುಗರ ಪ್ರೋಗ್ರೆಸಿವ್ ರಾಕ್ ಬ್ಯಾಂಡು. ಅವರ ಒಂದು ಹಾಡು ಆರಂಭವಾದರೆ ಮುಗಿಯುವಷ್ಟರಲ್ಲಿ ಬೇಳೆ ಬೆಂದು ಸಾರಿಗೆ ಒಗ್ಗರಣೆ ಬಿದ್ದಿರುತ್ತದೆ. ಏಳರಲ್ಲಿ ಹೊರಟ ತಾಳ ಹದಿಮೂರಕ್ಕೆ ಹಾರಿ, ಐದರಲ್ಲಿ ಕುಂಟಿ, ಯಾರೂ ನಿರೀಕ್ಷಿಸದ ತಿರುವಿನಲ್ಲಿ ಮನೆಗೆ ಮರಳುತ್ತದೆ. "ನಾಲ್ಕು ಜನ ನಾಲ್ಕು ಬೇರೆ ಹಾಡು ನುಡಿಸ್ತಾರೆ, ಎಲ್ಲಾರೂ ಒಟ್ಟಿಗೆ ನಿಲ್ಲಿಸ್ತಾರೆ. ಅದೊಂದು ಮಾತ್ರ ಪವಾಡ ಕಣ್ರೀ" ಎಂಬುದು ಅವನ ಹೆಂಡತಿ ಸತ್ಯಭಾಮಾಳ ಅಭಿಪ್ರಾಯ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಅವಳು ಯಾವುದಕ್ಕೂ ಎರಡನೆಯ ಸಹಿ ಬೀಳದೆ ಒಪ್ಪಿಗೆ ಕೊಡುವವಳಲ್ಲ.

ಪರಿಭ್ರಮಣದ ಕಿರೀಟವೆಂದರೆ 'ಕಕ್ಷೆ' ಎಂಬ ದೀರ್ಘ ರಚನೆ. ಅದರ ನಡುವೆ, ಡ್ರಮ್ಮು ಗಿಟಾರುಗಳೆಲ್ಲ ಹುಚ್ಚೆದ್ದು ಓಡುತ್ತಿರುವಾಗ, ಎಲ್ಲವೂ ಕತ್ತರಿಸಿದಂತೆ ನಿಂತುಬಿಡುತ್ತದೆ. ಹನ್ನೊಂದು ಎಣಿಕೆಗಳ ಸಂಪೂರ್ಣ ನಿಶ್ಶಬ್ದ. ಆಮೇಲೆ ನಾಲ್ವರೂ ಒಂದೇ ಏಟಿಗೆ ಮರಳಿ ಬೀಳುತ್ತಾರೆ. ಈ ನಿಶ್ಶಬ್ದಕ್ಕೆ ಅಭಿಮಾನಿಗಳು ಇಟ್ಟ ಹೆಸರು 'ಗುಂಡಿ'. ವೇಗವಾಗಿ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ ಕಾಲಡಿಯ ನೆಲ ಮಾಯವಾಗುವ ಅನುಭವವನ್ನು ಈ ಊರಿನವರು ಬೇರೆ ಯಾವ ಹೆಸರಿನಿಂದ ಕರೆದಾರು? ಕಕ್ಷೆಯನ್ನು ಮೈಸೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ನುಡಿಸಿದ ವರದಿಯಿರಲಿಲ್ಲ. ಆ ಗುಂಡಿಯ ಆಳ ಜಯನಗರ, ಜೆ.ಪಿ. ನಗರದ ಕಿವಿಗಳಿಗೆ ಮಾತ್ರ ಎಟುಕುವಂಥದ್ದೆಂದು ಇಲ್ಲಿನವರು ವಿನಯವಿಲ್ಲದೆ ನಂಬಿದ್ದರು.

ತಿರುಮಲೇಶನ ಆಸೆ ಒಂದೇ ಆಗಿತ್ತು: ಆ ಹನ್ನೊಂದು ಎಣಿಕೆಗಳನ್ನು, ಒಂದೇ ಒಂದು ಸಲ, ಕಲಬೆರಕೆಯಿಲ್ಲದೆ ಕೇಳಬೇಕು. ಮೊದಮೊದಲು ಹಾಡು ಮುಗಿಯಿತೆಂದು ಭಾವಿಸಿದ ಹೊಸಬರು ಗುಂಡಿಯೊಳಗೆ ಚಪ್ಪಾಳೆ ಸುರಿಯುತ್ತಿದ್ದರು. ಅದಕ್ಕೆ ಅವನೂ ಗೆಳೆಯ ಸೋಮನಾಥನೂ ಸೇರಿ ಮದ್ದು ಹುಡುಕಿದರು. ಹೊಸಕೆರೆಹಳ್ಳಿಯಲ್ಲಿ ಪಂಪ್‌ಸೆಟ್ ಅಂಗಡಿಯಿಟ್ಟಿದ್ದ ಸೋಮನಾಥ ಪ್ರತಿ ಕಾರ್ಯಕ್ರಮದಲ್ಲೂ ಬಾಗಿಲಲ್ಲಿ ನಿಂತು, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವನ ಗಾಂಭೀರ್ಯದಿಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದ: "ಮಧ್ಯೆ ಒಂದು ಗುಂಡಿ ಬರುತ್ತೆ. ಯಾರೂ ಚಪ್ಪಾಳೆ ತಟ್ಟಂಗಿಲ್ಲ. ಕೆಮ್ಮೋರು ಈಗಲೇ ಕೆಮ್ಕೊಳ್ಳಿ."

ಒಂದೆರಡು ವರ್ಷಗಳಲ್ಲಿ ಜನ ಪಳಗಿದರು. ಆದರೂ ತಿರುಮಲೇಶ ಮೊಬೈಲಿನಲ್ಲಿ ಹಿಡಿದುತಂದ ಧ್ವನಿಮುದ್ರಣಗಳಲ್ಲಿ ಒಂದು ಕಲೆ ಉಳಿದೇ ಇತ್ತು. ಪ್ರತಿ ಸಲವೂ ಸರಿಯಾಗಿ ಹನ್ನೊಂದನೆಯ ಎಣಿಕೆಗೆ, ಬ್ಯಾಂಡು ಮರಳುವ ಕೂದಲೆಳೆಯಷ್ಟು ಮುಂಚೆ, 'ಟಪ್' ಎಂಬ ಸದ್ದು. ಸಭಾಂಗಣ ಬೇರೆ, ತಿಂಗಳು ಬೇರೆ, ಸದ್ದು ಮಾತ್ರ ಅದೇ. ತಿರುಮಲೇಶ ಶಿಸ್ತಿನಿಂದ ತನಿಖೆ ನಡೆಸಿದ. ಎಲ್ಲ ಕಾರ್ಯಕ್ರಮಗಳಲ್ಲೂ ಹಾಜರಿದ್ದು, ಫೋನಿಗೆ ಅತಿ ಸಮೀಪ ಕುಳಿತಿದ್ದವನು ಯಾರು? ಪುರಾವೆಗಳು ಒಂದೇ ದಿಕ್ಕಿಗೆ ಬೆರಳು ತೋರಿದವು. ಆ ದಿಕ್ಕಿನಲ್ಲಿ, ಪ್ರತಿ ಸಲವೂ ಪಕ್ಕದ ಕುರ್ಚಿಯಲ್ಲಿ, ಸೋಮನಾಥನಿದ್ದ.

"ನಾನಾ?" ಸೋಮನಾಥ ಅಂಗಡಿಯಲ್ಲಿ ಗಿರಾಕಿಯ ಬಿಲ್ಲು ಹರಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಊರಿಗೆಲ್ಲ ಸುಮ್ನಿರಿ ಅಂತ ಹೇಳೋನು ನಾನು, ನಾನೇ ತಟ್ತೀನಾ? ತಲೆ ಕೆಟ್ಟಿದ್ಯಾ ಗುರು?"

"ಗೊತ್ತಿಲ್ದೆ ಮಾಡಿರ್ತೀಯ ಸೋಮ. ಅದು ಸುಪ್ತ ಮನಸ್ಸಿನ ಕೆಲಸ."

"ನನಗೆ ಅಂಥ ಮನಸ್ಸೆಲ್ಲ ಇಲ್ಲ. ಇರೋದು ಒಂದೇ ಮನಸ್ಸು, ಅದು ಈಗ ಬೇಜಾರಾಗಿದೆ. ಕಾಫಿನೂ ಇಲ್ಲ ನಿಂಗೆ, ಎದ್ದು ಹೋಗು."

ಆ ಭಾನುವಾರ ಬೆಳಗ್ಗೆ, ಸೋಮನಾಥನನ್ನು ಶಾಸ್ತ್ರೀಯವಾಗಿ ಸೋಲಿಸುವ ಉದ್ದೇಶದಿಂದ, ತಿರುಮಲೇಶ ಧ್ವನಿಮುದ್ರಣವನ್ನು ಮನೆಯ ದೊಡ್ಡ ಸ್ಪೀಕರಿಗೆ ಜೋಡಿಸಿ ಸೋಫಾದಲ್ಲಿ ಕಣ್ಣುಮುಚ್ಚಿ ಕುಳಿತ. ಸತ್ಯಭಾಮಾ ಹುರುಳಿಕಾಯಿಯ ನಾರು ತೆಗೆಯುತ್ತ ಎದುರಿನ ಕುರ್ಚಿಯಲ್ಲಿದ್ದಳು. ಓಟ ನಿಂತಿತು. ಗುಂಡಿ ಬಂತು. ಎಣಿಕೆ ಸಾಗಿತು. ಸ್ಪೀಕರಿನಿಂದ ಒಂದು 'ಟಪ್', ಸೋಫಾದಿಂದ ಒಂದು 'ಟಪ್', ಎರಡೂ ಒಟ್ಟಿಗೇ ಕೇಳಿಸಿದವು.

"ಸಿಕ್ಕಿದ ನೋಡಿ ನಿಮ್ಮ ಕಳ್ಳ" ಎಂದಳು ಸತ್ಯಭಾಮಾ.

"ಎಲ್ಲಿ?"

"ಕಣ್ಣು ಬಿಡಿ. ನಿಮ್ಮ ಬಲತೊಡೆ ಮೇಲೆ ಕೂತಿದಾನೆ."

ತಿರುಮಲೇಶ ತನ್ನ ಅಂಗೈಯನ್ನು ಹೊಸದಾಗಿ ಕೊಂಡ ಉಪಕರಣವೆಂಬಂತೆ ತಿರುಗಿಸಿ ನೋಡಿದ. ಪ್ರಯೋಗವನ್ನು ಪುನಃ ಮಾಡಿದ. ಫಲಿತಾಂಶ ಬದಲಾಗಲಿಲ್ಲ. ಬಾಲ್ಯದಲ್ಲಿ ಅಜ್ಜಿ ಅವನನ್ನು ರಾಮನವಮಿಯ ಚಪ್ಪರಗಳಿಗೆಲ್ಲ ಕರೆದೊಯ್ಯುತ್ತಿದ್ದಳು. ತೊಡೆಯ ಮೇಲೆ ತಾಳ ಹಾಕದೆ ಸಂಗೀತ ಕೇಳುವವರನ್ನು ಆಕೆ 'ಬಸ್ಸಿಗೆ ಕಾಯೋರು' ಎನ್ನುತ್ತಿದ್ದಳು. ಅಜ್ಜಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಕೈಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಸಂಜೆಯೇ ಅವನು ಖಾರಾ ಬನ್ನು ಕಟ್ಟಿಸಿಕೊಂಡು ಹೊಸಕೆರೆಹಳ್ಳಿಗೆ ಹೋದ. ಸೋಮನಾಥ ಕ್ಷಮಾಪಣೆಯನ್ನು ಪೂರ್ತಿ ಕೇಳಿಸಿಕೊಂಡು, ಬನ್ನನ್ನು ಪೂರ್ತಿ ತಿಂದು, ಆಮೇಲೆ ಕೇಳಿದ: "ಸುಪ್ತ ಮನಸ್ಸು ಹೇಗಿದೆ ಸಾರ್ ಈಗ?"

ಮುಂದಿನ ಕಾರ್ಯಕ್ರಮ ಜೆ.ಪಿ. ನಗರದ ಸಭಾಂಗಣವೊಂದರಲ್ಲಿ ನಡೆಯಿತು. ಗಂಡನ ಕೈ ತಾಳ ಹಾಕದಂತೆ ಕಾಯುವುದಕ್ಕೆಂದು ಸತ್ಯಭಾಮಾ ಮೊದಲ ಸಲ ಜೊತೆಗೆ ಬಂದಳು. ಅವನು ಯಾವಾಗಲೂ ಕೂರುವ ಮೂರನೆಯ ಸಾಲಿನ ತುದಿಯ ಆಸನದಲ್ಲೇ ಅವನನ್ನು ಕೂರಿಸಿ, ತನ್ನ ಭಾರವಾದ ಕೈಚೀಲವನ್ನು ಅವನ ತೊಡೆಯ ಮೇಲಿಟ್ಟು, "ಎರಡೂ ಕೈಯಲ್ಲಿ ಹಿಡ್ಕೊಳ್ಳಿ. ಬಿಟ್ರೆ ಚಕ್ಕುಲಿ ಪುಡಿಯಾಗುತ್ತೆ" ಎಂದಳು.

ಕಕ್ಷೆ ಆರಂಭವಾಯಿತು. ಓಟ ಏರಿತು. ಡ್ರಮ್ಮಿನ ಸುಶ್ರುತ ಎರಡು ಕೋಲುಗಳನ್ನೂ ತಲೆಯ ಮೇಲೆತ್ತಿ ಕಲ್ಲಾದ. ನೆಲ ಮಾಯವಾಯಿತು.

ಯಾರೂ ಕೆಮ್ಮಲಿಲ್ಲ. ಕುರ್ಚಿ ಕಿರುಗುಟ್ಟಲಿಲ್ಲ. ತಿರುಮಲೇಶ ಚೀಲವನ್ನು ಎದೆಗವಚಿಕೊಂಡು ಮನಸ್ಸಿನಲ್ಲೇ ಎಣಿಸಿದ. ಇಂಥ ನಿಶ್ಶಬ್ದವನ್ನು ಅವನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆಯೂ ಕಂಡಿರಲಿಲ್ಲ. ಅಲ್ಲಿ ಹೊರಗೆ ಸ್ಕೂಟರುಗಳಾದರೂ ಓಡಾಡುತ್ತಿರುತ್ತವೆ. ಒಂಬತ್ತು, ಹತ್ತು, ಹನ್ನೊಂದು. ಅವನ ಕಣ್ಣು ತುಂಬಿತು. ಅಪ್ಪಟ ಹನ್ನೊಂದು.

ಹನ್ನೆರಡು.

ಹದಿಮೂರು. ಸುಶ್ರುತನ ಕೋಲುಗಳು ಇನ್ನೂ ಮೇಲೆಯೇ ಇದ್ದವು. ಬೇಸ್ ಗಿಟಾರಿನವನು ನಿಧಾನವಾಗಿ ಸುಶ್ರುತನತ್ತ ನೋಡಿದ. ಸುಶ್ರುತ ಮೂರನೆಯ ಸಾಲಿನ ತುದಿಯತ್ತ ನೋಡುತ್ತಿದ್ದ. ಆ ನೋಟದಲ್ಲಿ ಕಲೆಯ ತನ್ಮಯತೆಯೇನೂ ಇರಲಿಲ್ಲ. ಹೊರಟ ಬಸ್ಸಿನಲ್ಲಿ ಕುಳಿತು, ಜೊತೆಗೆ ಬಂದವನು ಹತ್ತಲಿಲ್ಲವೆಂದು ಕಿಟಕಿಯಿಂದ ಹುಡುಕುವವನ ನೋಟ ಅದು.

ತಿರುಮಲೇಶನಿಗೆ ಅರ್ಥವಾಯಿತು. ಇಷ್ಟು ವರ್ಷ ತಾನು ದೋಷವೆಂದು ಹುಡುಕುತ್ತಿದ್ದ ಆ 'ಟಪ್' ಯಂತ್ರದ ಕೀಲಾಗಿತ್ತು. ಸುಮ್ಮನಿದ್ದರೆ ನಿಶ್ಶಬ್ದ ಅಪ್ಪಟವಾಗಿಯೇ ಉಳಿಯುತ್ತದೆ, ಆದರೆ ಹಾಡು ಸಾಯುತ್ತದೆ. ಹಿಂದಿನ ಸಾಲಿನಲ್ಲಿ ಯಾರದೋ ಅಂಗೈಗಳು ಚಪ್ಪಾಳೆಗೆ ಸಜ್ಜಾಗುತ್ತಿದ್ದುದು ಕಣ್ಣಂಚಿಗೆ ಕಂಡಿತು.

"ಹೂಂ, ಹೊಡೀರಿ" ಎಂದು ಸತ್ಯಭಾಮಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ತೊಡೆ ಚೀಲದ ಕೆಳಗಿತ್ತು. ತಿರುಮಲೇಶ ಚೀಲಕ್ಕೇ ಬಾರಿಸಿದ. ಒಳಗಿದ್ದ ಸ್ಟೀಲ್ ಡಬ್ಬಿ 'ಠಣ್' ಎಂದಿತು, ಮರುಕ್ಷಣವೇ ನಾಲ್ಕು ವಾದ್ಯಗಳೂ ಒಂದೇ ಏಟಿಗೆ ಸಭಾಂಗಣದ ಮೇಲೆ ಕುಸಿದವು. ಜನ ಎದ್ದುನಿಂತು ಕೂಗಿದರು.

ಕಾರ್ಯಕ್ರಮದ ನಂತರ ಹೊರಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಗುಂಡಿನ ಎಷ್ಟು ಎಳೆದ್ರು ನೋಡ್ದಾ ಮಗಾ? ಹತ್ತೊಂಬತ್ತು! ಪ್ರೈಮ್ ನಂಬರ್ ಅದು, ಸುಮ್ಸುಮ್ನೆ ಮಾಡಲ್ಲ ಅವ್ರು!"

"ಅದು ಬಿಡು, ಆ ಗಂಟೆ! ಎಲ್ಲಿಂದ ಬಂತು ಆ ಗಂಟೆ? ಸಖತ್!"

"ಹಿಂದಿನ ಸ್ಪೀಕರ್‌ನಲ್ಲಿ ಬಿಟ್ಟಿದ್ರು. ನಂಗೆ ಸ್ಪಷ್ಟವಾಗಿ ಕೇಳಿಸ್ತು."

ಪುರಾವೆಯಿಲ್ಲದ ಇಂಥ ಮಾತುಗಳನ್ನು ಬೇರೆ ದಿನವಾಗಿದ್ದರೆ ತಿರುಮಲೇಶ ತಿದ್ದದೆ ಬಿಡುತ್ತಿರಲಿಲ್ಲ. ಈಗ ಚೀಲವನ್ನು ಬೆನ್ನ ಹಿಂದೆ ಸರಿಸಿ, "ಹೌದೌದು, ಹಿಂದಿನ ಸ್ಪೀಕರೇ" ಎಂದ. ಪಕ್ಕದಲ್ಲಿದ್ದ ಸೋಮನಾಥ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿ ನಿಂತ.

ಅಷ್ಟರಲ್ಲಿ ಹೆಗಲಿಗೆ ಟವೆಲು ಹಾಕಿಕೊಂಡ ಸುಶ್ರುತ ಗುಂಪನ್ನು ಸೀಳಿಕೊಂಡು ನೇರವಾಗಿ ಇವರ ಹತ್ತಿರವೇ ಬಂದ.

"ಏನ್ ಸಾರ್ ನೀವು, ಪ್ರಾಣ ಹೋಗಿತ್ತು! ಅಷ್ಟು ಲೇಟ್ ಯಾಕೆ? ಮತ್ತೆ ದಿನಾ ತೊಡೆ, ಇವತ್ತು ಯಾಕೆ ಸ್ಟೀಲು?"

"ನೀವು ಎಣಿಸಲ್ವೇನಪ್ಪ?" ತಿರುಮಲೇಶನ ಧ್ವನಿಯಲ್ಲಿ ಭಕ್ತಿಯ ಕಟ್ಟಡವೊಂದು ವಾಲುತ್ತಿತ್ತು.

"ಎಣಿಸ್ತಿದ್ವಿ ಸಾರ್. ನಾಲ್ಕು ಜನಕ್ಕೆ ನಾಲ್ಕು ಹನ್ನೊಂದು ಬರ್ತಿತ್ತು. ಆಮೇಲೆ ನೀವು ಸಿಕ್ರಿ."

"ಅಲ್ಲಪ್ಪ, ನಾನಿಲ್ದೇ ಇರೋ ಊರಲ್ಲಿ? ಮೈಸೂರಲ್ಲಿ ಏನ್ಮಾಡ್ತೀರಾ?"

"ಮೈಸೂರಲ್ಲಿ ಕಕ್ಷೆ ನುಡಿಸೋದೇ ಇಲ್ಲ ಸಾರ್" ಎಂದ ಸುಶ್ರುತ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸತ್ಯಭಾಮಾ ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಡಬ್ಬಿ ತೆರೆದಳು. ಚಕ್ಕುಲಿಗಳು ಪುಡಿಯಾಗಿದ್ದವು. ಅವಳು ಪುಡಿಯನ್ನೇ ಅಲ್ಲಿದ್ದವರಿಗೆಲ್ಲ ಹಂಚಿದಳು.

"ಸಿಕ್ತಾ ನಿಮ್ಮ ನಿಶ್ಶಬ್ದ?"

"ಸಿಕ್ತು ಭಾಮಾ. ಹನ್ನೊಂದು, ಅಪ್ಪಟ" ಎಂದ ತಿರುಮಲೇಶ, ಅಂಗೈಯಿಂದ ಚಕ್ಕುಲಿಯ ಚೂರು ಆಯುತ್ತ. "ಮಿಕ್ಕಿದ್ದು ಬೇಕಿರ್ಲಿಲ್ಲ."

ನಂತರ ಸುಶ್ರುತನತ್ತ ತಿರುಗಿ, ತಕ್ಕಡಿಯನ್ನು ಒಪ್ಪಿಸಿಕೊಡುವಾಗಿನ ತನ್ನ ವೃತ್ತಿಯ ಧ್ವನಿಯಲ್ಲಿ ಕೇಳಿದ: "ಮೈಸೂರಲ್ಲಿ ಮುಂದಿನ ಪ್ರೋಗ್ರಾಂ ಯಾವತ್ತು?"